ಸ್ಕ್ಯಾನ್ ಮಾಡಿದ ಹಳೆಯ ಪ್ಲ್ಯಾನನ್ನು ಆಟೋಕ್ಯಾಡ್‌ನಲ್ಲಿ ನಿಜ ಅಳತೆಗೆ ತರುವುದು: ರೆಫರೆನ್ಸ್ ಸ್ಕೇಲ್ ಬಗ್ಗೆ ನನ್ನ ಅನುಭವ

ಇರುವ ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸಲು ಬರುವವರ ಕೈಯಲ್ಲಿ ಇರುವುದು ಸಾಮಾನ್ಯವಾಗಿ ಹಳೆಯ ಪ್ಲ್ಯಾನಿನ ಜೆರಾಕ್ಸ್ ಪ್ರತಿ. ಅದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್ ಆದ ಆಟೋಕ್ಯಾಡ್‌ಗೆ ತಂದರೆ ಯಾವುದೋ ಒಂದು ಗಾತ್ರದಲ್ಲಿ ಬಂದು ಕೂರುತ್ತದೆ. 40 ಅಡಿಯ ಗೋಡೆಯನ್ನು ಅಳೆದರೆ 7.3142 ಯೂನಿಟ್ ಎಂದು ತೋರಿಸುತ್ತದೆ ಎಂದುಕೊಳ್ಳಿ. ಕ್ಯಾಲ್ಕುಲೇಟರ್ ತೆಗೆದು ಭಾಗಾಕಾರ ಮಾಡುವ ಅಗತ್ಯವೇ ಇಲ್ಲ. ಸ್ಕೇಲ್ ಕಮಾಂಡಿನ ಒಳಗಿರುವ ರೆಫರೆನ್ಸ್ ಆಯ್ಕೆ ಇರುವುದೇ ಇದಕ್ಕೆ.

ಮೊದಲು ಯೂನಿಟ್ ತೀರ್ಮಾನವಾಗಬೇಕು. ನಾನು ಮಿಲಿಮೀಟರ್‌ನಲ್ಲೇ ಕೆಲಸ ಮಾಡುತ್ತೇನೆ. ಅಡಿಗೆ 304.8 ಮಿ.ಮೀ. ಲೆಕ್ಕದಲ್ಲಿ 30×40 ಸೈಟು ಎಂದರೆ 9144×12192. ಯೂನಿಟ್ ಡೆಸಿಮಲ್‌ನಲ್ಲಿ ಇರುವಾಗ 40 ಬರೆದು ಅಡಿಯ ಗುರುತು ಹಾಕಿದರೆ ಸಾಫ್ಟ್‌ವೇರ್ ಒಪ್ಪುವುದಿಲ್ಲ. ಆ ಬರಹ ಆರ್ಕಿಟೆಕ್ಚರಲ್ ಅಥವಾ ಎಂಜಿನಿಯರಿಂಗ್ ಯೂನಿಟ್‌ಗೆ ಮಾತ್ರ.

ಆಮೇಲೆ ಓರೆ ಸರಿಪಡಿಸುವುದು. ರೊಟೇಟ್ ಕಮಾಂಡಿನಲ್ಲೂ ರೆಫರೆನ್ಸ್ ಇದೆ: ಉದ್ದನೆಯ ಗೋಡೆಯ ಎಡ ತುದಿ, ಬಲ ತುದಿ ಕ್ಲಿಕ್ ಮಾಡಿ ಹೊಸ ಕೋನ 0 ಕೊಟ್ಟರೆ ಚಿತ್ರ ನೇರವಾಗುತ್ತದೆ. ಈಗ ಸ್ಕೇಲ್. ಎಸ್‌ಸಿ (ಸ್ಕೇಲ್ ಕಮಾಂಡಿನ ಕಿರುರೂಪ) ಎಂಟರ್, ಇಮೇಜಿನ ಅಂಚನ್ನು ಹಿಡಿದು ಆಯ್ಕೆ, ಎಂಟರ್. ಬೇಸ್ ಪಾಯಿಂಟಿಗೆ, ಅಂದರೆ ಅಲುಗಾಡದೆ ಉಳಿಯುವ ಬಿಂದುವಿಗೆ, ಸೈಟಿನ ಒಂದು ಮೂಲೆ. ರೆಫರೆನ್ಸ್‌ಗೆ ಆರ್ ಎಂಟರ್. ಗೊತ್ತಿರುವ ಅಳತೆಯ ಎರಡು ತುದಿಗಳನ್ನು ಕ್ಲಿಕ್ ಮಾಡಿ, ಹೊಸ ಉದ್ದಕ್ಕೆ 12192 ಟೈಪ್ ಮಾಡಿ ಎಂಟರ್. ಅಷ್ಟೇ ಕೆಲಸ.

ಕೆಲಸ ಕೆಡುವುದು ಆ ಎರಡು ಕ್ಲಿಕ್‌ಗಳಲ್ಲಿ. ಹೊಸಬರು ಬಾಗಿಲನ್ನು ಹಿಡಿಯುತ್ತಾರೆ, 900 ಎಂದು ಗೊತ್ತಿರುತ್ತದಲ್ಲ ಎಂದು. 1:100ರ ನಕ್ಷೆಯಲ್ಲಿ ಆ ಬಾಗಿಲು ಕಾಗದದ ಮೇಲೆ 9 ಮಿ.ಮೀ. ಜೆರಾಕ್ಸ್ ಗೆರೆಯ ದಪ್ಪವೇ ಅರ್ಧ ಮಿ.ಮೀ. ಇರಬಹುದು. ಕ್ಲಿಕ್ ಕಾಲು ಮಿ.ಮೀ. ಆಚೀಚೆ ಆದರೂ ಶೇ. 2.8ರಷ್ಟು ತಪ್ಪು, 12192ರ ಗೋಡೆಯಲ್ಲಿ ಅದು ಸುಮಾರು 339 ಮಿ.ಮೀ., ಒಂದು ಅಡಿಗಿಂತ ಹೆಚ್ಚು. ಅದೇ ಕಾಲು ಮಿ.ಮೀ. ತಪ್ಪನ್ನು 40 ಅಡಿಯ ಪೂರ್ತಿ ಗೋಡೆಯ ಮೇಲೆ ಮಾಡಿದರೆ ವ್ಯತ್ಯಾಸ 25 ಮಿ.ಮೀ. ಮಾತ್ರ. ಆದ್ದರಿಂದ ನಕ್ಷೆಯಲ್ಲಿ ಅಳತೆ ಬರೆದಿರುವ ಅತಿ ಉದ್ದದ ಗೆರೆಯನ್ನೇ ರೆಫರೆನ್ಸ್ ಮಾಡಿಕೊಳ್ಳಿ.

ಕ್ಲಿಕ್ ಮಾಡುವಾಗ ಎಫ್3 ಒತ್ತಿ ಸ್ನ್ಯಾಪ್ (ಕರ್ಸರನ್ನು ಗೆರೆಯ ತುದಿ, ಮೂಲೆಗಳಿಗೆ ತಾನಾಗಿ ಎಳೆಯುವ ಸೌಲಭ್ಯ) ಆಫ್ ಮಾಡಿ. ಸ್ಕ್ಯಾನ್ ಚಿತ್ರದ ಒಳಗಿನ ಗೆರೆಗೆ ಸ್ನ್ಯಾಪ್ ಸಿಗುವುದಿಲ್ಲ. ಆನ್ ಇದ್ದರೆ ಕರ್ಸರ್ ಇಮೇಜಿನ ಚೌಕಟ್ಟಿನ ಮೂಲೆಗೆ ಹಾರುತ್ತದೆ. ಪಿಕ್ಸೆಲ್ ಕಾಣುವಷ್ಟು ಝೂಮ್ ಮಾಡಿ, ಒಂದು ತುದಿಯಲ್ಲಿ ಗೆರೆಯ ಎಡ ಅಂಚು ಹಿಡಿದರೆ ಇನ್ನೊಂದು ತುದಿಯಲ್ಲೂ ಎಡ ಅಂಚನ್ನೇ ಹಿಡಿಯಿರಿ. ಗೆರೆಯ ದಪ್ಪ ಆಗ ಲೆಕ್ಕದಿಂದಲೇ ಕಳೆದುಹೋಗುತ್ತದೆ. ಹಾಗೆಯೇ ಬರೆದಿರುವ ಅಳತೆ ಗೋಡೆಯ ಹೊರಮುಖದ್ದೋ ಒಳಮುಖದ್ದೋ ನೋಡಿಕೊಳ್ಳಿ. 9 ಇಂಚಿನ ಗೋಡೆ ಎರಡೂ ಬದಿ ಸೇರಿ 18 ಇಂಚು ನುಂಗುತ್ತದೆ.

ಸ್ಕೇಲ್ ಆದ ಮೇಲೆ ಅಗಲದ ದಿಕ್ಕನ್ನು ಡಿಐ ಕಮಾಂಡಿನಿಂದ ಅಳೆಯದೆ ನಾನು ಮುಂದೆ ಹೋಗುವುದಿಲ್ಲ. ಉದ್ದ 12192 ಸರಿಯಾಗಿ ಕೂತಿದ್ದರೂ ಅಗಲ 9144ರ ಬದಲು 9050 ಬರಬಹುದು. ಜೆರಾಕ್ಸ್ ಯಂತ್ರ ಒಂದು ದಿಕ್ಕಿಗೆ ಎಳೆದಿರುತ್ತದೆ, ಕಾಗದವೂ ಹಿಗ್ಗಿರುತ್ತದೆ. ಸ್ಕೇಲ್ ಕಮಾಂಡ್ ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುವುದರಿಂದ ಈ ವ್ಯತ್ಯಾಸ ಅದಕ್ಕೆ ಬಗ್ಗದು. ಇಮೇಜನ್ನು ಬ್ಲಾಕ್ (ಹೆಸರಿಟ್ಟು ಒಂದೇ ವಸ್ತುವಾಗಿ ಕಟ್ಟಿದ್ದು) ಮಾಡಿ, ಸ್ಕೇಲ್ ಯೂನಿಫಾರ್ಮ್ಲಿ ಎಂಬ ಗುರುತು ತೆಗೆದುಹಾಕಿ. ಆಮೇಲೆ ಪ್ರಾಪರ್ಟೀಸ್‌ನಲ್ಲಿ ಅಗಲದ ದಿಕ್ಕಿನ ಸ್ಕೇಲ್ (ಉದ್ದನೆಯ ಗೋಡೆ ಮಲಗಿರುವುದರಿಂದ ಇಲ್ಲಿ ವೈ) ಒಂದನ್ನೇ 9144 ಭಾಗಿಸು 9050, ಅಂದರೆ 1.0104 ಪಟ್ಟು ಮಾಡಿ. ಓರೆಯನ್ನು ಮೊದಲೇ ಸರಿಪಡಿಸುವುದು ಇದಕ್ಕಾಗಿಯೇ. ಮೊಬೈಲಿನಲ್ಲಿ ತೆಗೆದ ಫೋಟೊ ಆದರೆ ಈ ಉಪಾಯವೂ ನಡೆಯದು; ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಸ್ಕ್ಯಾನ್ ಪ್ರತಿ ತರಿಸಿಕೊಳ್ಳುವುದೇ ಸರಿ.

ಸ್ಕ್ಯಾನ್ ಬಿಟ್ಟು ಬ್ಲಾಕ್‌ಗಳ ವಿಷಯಕ್ಕೆ ಬಂದರೆ ಇನ್ನೊಂದು ತೊಡಕು ಪದೇ ಪದೇ ಕಾಣುತ್ತದೆ. ಬಾಗಿಲಿನ ಬ್ಲಾಕನ್ನು ಗೋಡೆಯಲ್ಲಿ ಬಾಗಿಲಿಗೆ ಬಿಟ್ಟ ತೆರಪಿಗೆ ಹೊಂದಿಸಬೇಕು, ತೆರಪಿನ ಅಳತೆ ಗೊತ್ತಿಲ್ಲ. ಬೇಸ್ ಪಾಯಿಂಟ್ ಕೀಲಿನ ಮೂಲೆ. ಆರ್ ಎಂಟರ್ ಆದಮೇಲೆ @ ಒತ್ತಿ ಎಂಟರ್ ಮಾಡಿದರೆ ಅದೇ ಮೂಲೆ ಮೊದಲ ಬಿಂದುವಾಗುತ್ತದೆ. ನಂತರ ಬಾಗಿಲಿನ ಇನ್ನೊಂದು ತುದಿ, ಕೊನೆಗೆ ತೆರಪಿನ ಆಚೆ ಅಂಚು. ಇಲ್ಲಿ ಸ್ನ್ಯಾಪ್ ಆನ್ ಇರಬೇಕು. ಇದು ಕರಾರುವಾಕ್ಕಾಗಿ ಕೂರುವುದು ರೆಫರೆನ್ಸ್ ಬೇಸ್ ಪಾಯಿಂಟಿನಿಂದಲೇ ಶುರುವಾದಾಗ ಮಾತ್ರ. ಏಕೆಂದರೆ ಹೊಸ ಉದ್ದಕ್ಕೆ ಒಂದೇ ಕ್ಲಿಕ್ ಮಾಡಿದರೆ ಅದನ್ನು ಬೇಸ್ ಪಾಯಿಂಟಿನಿಂದ ಅಳೆಯಲಾಗುತ್ತದೆ. ರೆಫರೆನ್ಸ್ ಬೇರೆ ಕಡೆ ಇದ್ದರೆ ಪಿ ಒತ್ತಿ ಪಾಯಿಂಟ್ಸ್ ಆಯ್ಕೆಯಲ್ಲಿ ಎರಡೂ ತುದಿ ಕೊಡಬೇಕು.

ಓರೆ ಮತ್ತು ಅಳತೆ ಎರಡನ್ನೂ ಒಟ್ಟಿಗೆ ಸರಿಮಾಡಲು ಅಲೈನ್ ಕಮಾಂಡ್ ಒಳ್ಳೆಯದು. ಎರಡು ಜೋಡಿ ಬಿಂದು (ಈಗಿರುವ ಜಾಗ, ಹೋಗಬೇಕಾದ ಜಾಗ) ಕೊಟ್ಟು ಎಂಟರ್ ಮಾಡಿದರೆ ಸ್ಕೇಲ್ ಮಾಡಲೇ ಎಂದು ಕೇಳುತ್ತದೆ. ತಾನಾಗಿ ನೋ ಎಂದಿರುತ್ತದೆ, ಯೆಸ್ ಎಂದು ಬದಲಿಸಬೇಕು. ಮೂರು ಜೋಡಿ ಕೊಟ್ಟರೆ ಆ ಪ್ರಶ್ನೆಯೇ ಬರದು.

ಸರ್ವೆ ಫೈಲ್‌ಗಳಲ್ಲಿ ಎತ್ತರವನ್ನು ಗಮನಿಸಿ. ಒಂದು ಬಿಂದುವಿನ ಲೆವೆಲ್ 912.45, ಇನ್ನೊಂದರದ್ದು 0 ಇದ್ದರೆ 12.192 ಮೀಟರಿನ ಅಂತರವನ್ನು ಸಾಫ್ಟ್‌ವೇರ್ 912.53 ಎಂದು ಓದುತ್ತದೆ, ಮೇಲಿನಿಂದ ನೋಡಿದಾಗ ಏನೂ ಕಾಣುವುದಿಲ್ಲ. ಒಸ್ನ್ಯಾಪ್‌ಝಡ್ ಎಂಬ ಸಿಸ್ಟಂ ವೇರಿಯಬಲ್ ಅನ್ನು 1 ಮಾಡಿದರೆ ಕ್ಲಿಕ್‌ಗಳೆಲ್ಲ ಒಂದೇ ಮಟ್ಟದಲ್ಲಿ ಬೀಳುತ್ತವೆ.

ಬೇರೆಯವರು ಆಟೋಕ್ಯಾಡ್‌ನಲ್ಲೇ ಬರೆದ ಡ್ರಾಯಿಂಗ್ ಸ್ಕೇಲ್ ಮಾಡುವಾಗ ಡೈಮೆನ್ಷನ್ ಅಂಕಿಯನ್ನು ನಂಬಬೇಡಿ. ಅದು ಕೈಯಿಂದ ಟೈಪ್ ಮಾಡಿದ್ದಿರಬಹುದು, ಅಥವಾ ಪ್ರಾಪರ್ಟೀಸ್‌ನಲ್ಲಿ ಡಿಮ್ ಸ್ಕೇಲ್ ಲೀನಿಯರ್ (ಅಳೆದದ್ದನ್ನು ಗುಣಿಸಿ ತೋರಿಸುವ ಸಂಖ್ಯೆ) 1ರ ಬದಲು ಬೇರೆ ಇರಬಹುದು. ಅದೂ ಡಿಐನಿಂದ ಅಳೆದೇ ಗೊತ್ತಾಗಬೇಕು. ಆ್ಯನೊಟೇಟಿವ್ ಅಕ್ಷರಗಳು, ಅಂದರೆ ನಕ್ಷೆಯ ಸ್ಕೇಲಿಗೆ ತಕ್ಕಂತೆ ಗಾತ್ರ ಹೊಂದುವ ಅಕ್ಷರಗಳು, ಸ್ಕೇಲ್ ಕಮಾಂಡ್ ಕೊಟ್ಟಾಗ ಜಾಗ ಬದಲಿಸುತ್ತವೆ, ಗಾತ್ರ ಬದಲಿಸುವುದಿಲ್ಲ.

ಎಲ್ಲ ಸರಿಯಾದ ಮೇಲೆ ಇಮೇಜನ್ನು ಪ್ರತ್ಯೇಕ ಲೇಯರಿಗೆ ಹಾಕಿ ಲಾಕ್ ಮಾಡುತ್ತೇನೆ, ಡ್ರಾ ಆರ್ಡರ್‌ನಲ್ಲಿ ಹಿಂದಕ್ಕೆ ಕಳಿಸುತ್ತೇನೆ. ಅದರ ಮೇಲೆ ಗೆರೆ ತಿದ್ದುತ್ತಾ ಹೋಗುವುದಿಲ್ಲ. ಗೋಡೆ ಎಲ್ಲಿದೆ ಎಂಬುದಕ್ಕೆ ಚಿತ್ರ, ಎಷ್ಟಿದೆ ಎಂಬುದಕ್ಕೆ ಹಳೆಯ ನಕ್ಷೆಯಲ್ಲಿ ಬರೆದ ಅಂಕಿ. ಎರಡಕ್ಕೂ ತಾಳೆಯಾಗದ ಕಡೆ ಟೇಪ್ ಹಿಡಿದು ಜಾಗದಲ್ಲೇ ಅಳೆಯಬೇಕು.