ಬಾಲ್ಕನಿಗೆ ದಾಸವಾಳನಾ ಬೋಗನ್‌ವಿಲ್ಲಾನಾ?
ಮುಂಬೈ ಸುತ್ತಮುತ್ತ ಡೊಂಬಿವಲಿ, ಮುಲುಂಡ್ ಕಡೆ ಫ್ಲ್ಯಾಟಲ್ಲಿರೋರು ಬೋಗನ್‌ವಿಲ್ಲಾ ತಗೊಳ್ಳೋ ಮುಂಚೆ ಗ್ರಿಲ್ ಹತ್ರ ಬಿಸಿಲು ಎಷ್ಟೊತ್ತು ಬೀಳತ್ತೆ ನೋಡ್ಕೊಳ್ಳಿ, ದಿನಾ 5-6 ಗಂಟೆ ನೇರ ಬಿಸಿಲು ಇಲ್ದಿದ್ರೆ ಬರೀ ಎಲೆ, ಮುಳ್ಳು ಅಷ್ಟೇ. ಮೇಲಿನ ಮಣ್ಣು ಒಣಗಿದ್ಮೇಲೇ ನೀರು ಹಾಕಿ, ಆಗ್ಲೇ ಬಣ್ಣ ತುಂಬೋದು (ಆ ಬಣ್ಣದ್ದು ಹೂವಲ್ಲ, ಒಂಥರಾ ಎಲೇನೇ, ನಿಜವಾದ ಹೂವು ಮಧ್ಯದಲ್ಲಿರೋ ಸಣ್ಣ ಬಿಳೀದು). ಮಳೆಗಾಲದಲ್ಲಿ ಕುಂಡದ ಕೆಳಗಿನ ತಟ್ಟೆ ತೆಗೆದುಬಿಡಿ.

ನೀರಿನ ವಿಷಯದಲ್ಲಿ ದಾಸವಾಳ ಇದರ ಉಲ್ಟಾ. ಬೇಸಿಗೇಲಿ ನೀರು ತಪ್ಪಿದ್ರೆ ಮೊಗ್ಗು ಉದುರತ್ತೆ, ಎಳೆ ಕುಡಿಗೆ ಹತ್ತಿ ಥರ ಬಿಳಿ ಹಿಟ್ಟು ತಿಗಣೆ ಅನ್ನೋ ಹುಳ (ಮೀಲಿಬಗ್) ಬರತ್ತೆ, ಬೇವಿನೆಣ್ಣೆನ ಸೋಪು ನೀರಲ್ಲಿ ಕಲಸಿ ಸಂಜೆ ಸ್ಪ್ರೇ ಮಾಡಿ. ಹೂವು ಸಾಮಾನ್ಯವಾಗಿ ಒಂದೇ ದಿನ, ಆದ್ರೂ ಗಣಪತಿಗೆ ಕೆಂಪು ದಾಸವಾಳ ಮನೇದೇ ಆಗತ್ತಲ್ಲ, ಪೂಜೆ ಮಾಡೋರ ಮನೆಗೆ ನನ್ ಓಟು ಅದಕ್ಕೇ.