ವೃಷಣ ತಿರುಚಿಕೊಂಡರೆ ಸ್ಕ್ಯಾನ್‌ಗಾಗಿ ಕಾಯಬೇಡಿ

ಹುಡುಗನಿಗೆ ಇದ್ದಕ್ಕಿದ್ದಂತೆ ಒಂದು ಬದಿಯ ವೃಷಣ ವಿಪರೀತ ನೋಯತೊಡಗಿದರೆ, ಬೇರೆ ಕಾರಣ ಖಚಿತವಾಗುವವರೆಗೆ ಅದನ್ನು ಟಾರ್ಷನ್ (ವೃಷಣ ತಿರುಚಿಕೊಂಡಿರುವುದು) ಎಂದೇ ಹಿಡಿಯಬೇಕು. ವೃಷಣಕ್ಕೆ ರಕ್ತ ಒಯ್ಯುವ ಹುರಿ ನುಲಿದುಕೊಂಡಾಗ ಮೊದಲು ಅಭಿಧಮನಿ ಮುಚ್ಚುತ್ತದೆ, ಊತ ಏರುತ್ತದೆ, ಕೊನೆಗೆ ಅಪಧಮನಿಯೂ ನಿಲ್ಲುತ್ತದೆ. 6 ಗಂಟೆಯೊಳಗೆ ನುಲಿ ಬಿಡಿಸಿದರೆ ಹತ್ತರಲ್ಲಿ ಒಂಬತ್ತಾದರೂ ಉಳಿಯುತ್ತವೆ. 24 ಗಂಟೆ ದಾಟಿದರೆ ಉಳಿಯುವುದು ಅಪರೂಪ. ಈ ಲೆಕ್ಕ ಶುರುವಾಗುವುದು ನೋವು ಬಂದ ಹೊತ್ತಿನಿಂದ, ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ.

12ರಿಂದ 18ರ ವಯಸ್ಸಿನಲ್ಲಿ ಇದು ಹೆಚ್ಚು. ನಾಚಿಕೆಯಿಂದ ಹುಡುಗರು ಕೆಳಹೊಟ್ಟೆ ನೋವು ಎಂದಷ್ಟೇ ಹೇಳುತ್ತಾರೆ, ಜೊತೆಗೆ ವಾಂತಿಯೂ ಇದ್ದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸುವುದುಂಟು. ಹೊಟ್ಟೆನೋವಿನ ಪ್ರತಿ ಹುಡುಗನ ವೃಷಣವನ್ನೂ ನೋಡಲೇಬೇಕು.

ಪರೀಕ್ಷೆಗೆ ಟಾರ್ಷನ್ ಸಾಧ್ಯತೆ ಅಳೆಯುವ ಟ್ವಿಸ್ಟ್ ಅಂಕಪಟ್ಟಿ ಅನುಕೂಲ: ಊತಕ್ಕೆ 2, ಗಟ್ಟಿಯಾದ ವೃಷಣಕ್ಕೆ 2, ವಾಕರಿಕೆ ಅಥವಾ ವಾಂತಿ, ಮೇಲಕ್ಕೆ ಸರಿದ ವೃಷಣ, ಒಳತೊಡೆ ಸವರಿದಾಗ ವೃಷಣ ಮೇಲೇಳದಿರುವುದು, ಇವಕ್ಕೆ ತಲಾ 1. ಒಟ್ಟು 5 ಅಥವಾ ಹೆಚ್ಚಾದರೆ ನೇರ ಆಪರೇಷನ್ ಥಿಯೇಟರ್. 3–4 ಇದ್ದರೆ ತಕ್ಷಣ ಡಾಪ್ಲರ್ (ರಕ್ತಸಂಚಾರ ನೋಡುವ ಸ್ಕ್ಯಾನ್). ಆದರೆ ಅರ್ಧ ನುಲಿದ ಹುರಿಯಲ್ಲಿ ಡಾಪ್ಲರ್ ರಕ್ತಸಂಚಾರ ತೋರಿಸಬಹುದು; ಲಕ್ಷಣಗಳು ಸ್ಪಷ್ಟವಿದ್ದರೆ ಆ ವರದಿಯನ್ನು ನಂಬಿ ಕೂರುವಂತಿಲ್ಲ. ವೃಷಣ ಎತ್ತಿ ಹಿಡಿದಾಗ ನೋವು ಇಳಿದರೆ ಸೋಂಕು ಎಂಬ ಹಳೆಯ ಪರೀಕ್ಷೆಯನ್ನಂತೂ ಬಿಟ್ಟುಬಿಡಿ. ನಿಜವಾದ ಸೋಂಕಿನಲ್ಲಿ ನೋವು ನಿಧಾನವಾಗಿ ಏರುತ್ತದೆ, ಜ್ವರ, ಉರಿಮೂತ್ರ ಇರಬಹುದು.

ರೋಗಿಗೆ ಏನೂ ತಿನ್ನಿಸದೆ, ಕುಡಿಸದೆ ನೋವಿನ ಇಂಜೆಕ್ಷನ್ ಕೊಟ್ಟು ಸರ್ಜನ್‌ಗೆ ಫೋನ್ ಮಾಡಿ. ಥಿಯೇಟರ್ ತಡವಾಗುವಂತಿದ್ದರೆ ಕೈಯಿಂದ ಬಿಡಿಸಲು ನೋಡಬಹುದು. ರೋಗಿಯ ಪಾದದ ಕಡೆ ನಿಂತು, ವೃಷಣದ ಒಳಬದಿಯನ್ನು ಮುಂದಿನಿಂದ ಆಯಾ ಬದಿಯ ತೊಡೆಯ ಕಡೆಗೆ ತಿರುಗಿಸಿ. ಒಂದು ಸುತ್ತು ಸಾಲದೆ ಹೋಗಬಹುದು. ಸರಿಯಾದರೆ ನೋವು ಥಟ್ಟನೆ ಇಳಿದು ವೃಷಣ ಕೆಳಕ್ಕೆ ಜಾರುತ್ತದೆ. ನೋವು ಹೆಚ್ಚಿದರೆ ದಿಕ್ಕು ತಪ್ಪಿದೆ: ಸುಮಾರು ಮೂರರಲ್ಲೊಂದು ನುಲಿ ಉಲ್ಟಾ ಇರುತ್ತದೆ. ಪೂರ್ತಿ ಬಿಚ್ಚಿತೆನಿಸಿದರೂ ಒಳಗೆ ಅರ್ಧ ಸುತ್ತು ಉಳಿದಿರಬಹುದು, ಹಾಗಾಗಿ ಆಪರೇಷನ್ ತಪ್ಪುವುದಿಲ್ಲ.

ಥಿಯೇಟರ್‌ನಲ್ಲಿ ವೃಷಣ ಚೀಲದ ನಡುಗೆರೆಯಲ್ಲಿ ಕೊಯ್ದು, ಹುರಿ ಬಿಡಿಸಿ, ಬೆಚ್ಚಗಿನ ಸಲೈನ್ ಬಟ್ಟೆಯಲ್ಲಿ ಸುತ್ತಿಟ್ಟು ಸುಮಾರು 10 ನಿಮಿಷ ಕಾಯುತ್ತಾರೆ. ಬಣ್ಣ ಮರಳಿದರೆ, ಅಥವಾ ಹೊರಪದರದ ಮೇಲೆ ಗೀರಿದಾಗ ಕೆಂಪು ರಕ್ತ ಒಸರಿದರೆ, ಕರಗದ ದಾರದಿಂದ ಮೂರು ಕಡೆ ಹೊಲಿದು ಕೂರಿಸುತ್ತಾರೆ. ಕಪ್ಪಾಗಿಯೇ ಉಳಿದರೆ ತೆಗೆಯಬೇಕು. ವೃಷಣ ಗಂಟೆಯ ನಾಲಿಗೆಯಂತೆ ಸಡಿಲವಾಗಿ ತೂಗುವ ಜನ್ಮದೋಷ ಸಾಮಾನ್ಯವಾಗಿ ಎರಡೂ ಬದಿ ಇರುತ್ತದೆ. ಅದಕ್ಕೇ ಇನ್ನೊಂದು ವೃಷಣವನ್ನೂ ಅದೇ ಆಪರೇಷನ್‌ನಲ್ಲಿ ಹೊಲಿದು ನಿಲ್ಲಿಸಬೇಕು.

ನೋವು ಬಂದು ತಾನಾಗಿ ಹೋಯಿತೆಂದು ಮನೆಯಲ್ಲೇ ಉಳಿಯುವುದೂ ಅಪಾಯವೇ. ನುಲಿದು ಬಿಚ್ಚಿಕೊಂಡ ಹುರಿ ಮತ್ತೆ ನುಲಿಯಬಹುದು. ಅಂಥವರಿಗೂ ಎರಡೂ ಬದಿಯ ಹೊಲಿಗೆ ಬೇಕು.