ರೇಷನ್ ಅಂಗಡಿ ಊರಿನ ಸಂಘದ ಕೈಗೆ ಬರಬೇಕಾ? ಹೀಗೆ ಮಾಡಿ

ಹೊಸದುರ್ಗದ ಕಡೆಯ ನಮ್ಮೂರಲ್ಲಿ ಇದೇ ಮಾತು ನಡೆದಿದೆ, ಅದಕ್ಕೇ ಬರೆಯುತ್ತಿದ್ದೇನೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 12ನೇ ಸೆಕ್ಷನ್ ನೋಡಿ. ನ್ಯಾಯಬೆಲೆ ಅಂಗಡಿಯ ಲೈಸೆನ್ಸ್ ಕೊಡುವಾಗ ಪಂಚಾಯ್ತಿ, ಸ್ವಸಹಾಯ ಸಂಘ, ಸಹಕಾರ ಸಂಘಗಳಿಗೆ ಆದ್ಯತೆ ಅನ್ನುತ್ತದೆ ಅದು. ಆದ್ಯತೆ ಅಷ್ಟೇ, ಹಕ್ಕಲ್ಲ.

ಸಹಕಾರ ಸಂಘವಾದರೆ ಮೊದಲು ಬೈಲಾ, ಅಂದರೆ ಸಂಘದ ನಿಯಮಗಳ ಪುಸ್ತಕ, ತೆಗೆದು ನೋಡಿ. ಪಡಿತರ ಹಂಚುವ ಕೆಲಸ ಅದರಲ್ಲಿ ಇಲ್ಲದಿದ್ದರೆ ಸರ್ವಸದಸ್ಯರ ಸಭೆ ಕರೆದು ತಿದ್ದುಪಡಿ ಮಾಡಿ, ಅದನ್ನು ಸಹಕಾರ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು, ಬರೀ ಠರಾವು ಬರೆದು ಸುಮ್ನೆ ಕೂತರೆ ಆಗಲ್ಲ. ಆಡಿಟ್ ಬಾಕಿ ಇದ್ದರೆ ಈಗಲೇ ಮುಗಿಸಿ. ಆಮೇಲೆ ಆಹಾರ ಇಲಾಖೆ ಅರ್ಜಿ ಕರೆದಾಗ ಹಾಕಿ.

ಅಂಗಡಿ ಸಿಕ್ಕ ಮೇಲೆ ಜಗಳ ಜಾಸ್ತಿ ಬರುವುದು ತೂಕದ ಹತ್ತಿರ. ಕಾಯ್ದೆ ಪ್ರಕಾರ ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ 35 ಕೆಜಿ, ಆದ್ಯತಾ (ಬಿಪಿಎಲ್) ಕಾರ್ಡಿಗೆ ತಲೆಗೆ 5 ಕೆಜಿ. ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆಸಿ. ತಕ್ಕಡಿಯ ಅಂಕಿ ಗಿರಾಕಿ ಕಡೆ ಮುಖ ಮಾಡಿರಲಿ. ರಾಗಿ ಕಳೆ ತೆಗೆದು ಬಂದ ಅಜ್ಜಿಯ ಹೆಬ್ಬೆಟ್ಟನ್ನು ಮಷಿನ್ ಒಪ್ಪಲ್ಲ, ಸೆರಗಲ್ಲಿ ಒರೆಸಿ ಒರೆಸಿ ಒತ್ತುತ್ತಾರೆ ಪಾಪ, ಅವರನ್ನು ವಾಪಸ್ ಕಳಿಸಬೇಡಿ, ಬೇರೆ ಬೆರಳು ಇಡಿಸಿ ನೋಡಿ.